ಸಾಂಟಾ ಮರಿಯಾ ಟ್ರೈ-ಟಿಪ್: ಗಾಲಿ ಇಲ್ಲದ ಗ್ರಿಲ್‌ನಲ್ಲೂ ಅದೇ ಹದ

ಸಾಂಟಾ ಮರಿಯಾ ಗ್ರಿಲ್‌ನ ಪ್ರಾಣವಿರುವುದು ಅದರ ಪಕ್ಕದ ಗಾಲಿಯಲ್ಲಿ. ಅಗಲವಾದ ಕಬ್ಬಿಣದ ಪೆಟ್ಟಿಗೆ, ತಳದಲ್ಲಿ ಓಕ್ ಸೌದೆಯ ಕೆಂಡ, ಮೇಲೆ ಸರಪಳಿಯಲ್ಲೋ ಉಕ್ಕಿನ ಹಗ್ಗದಲ್ಲೋ ತೂಗುವ ಜಾಲರಿ. ಗಾಲಿ ತಿರುಗಿಸಿದರೆ ಜಾಲರಿ ಕೆಂಡದ ಹತ್ತಿರ ಇಳಿಯುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ದೂರ ಏರುತ್ತದೆ. ಮುಚ್ಚಳವೇ ಇಲ್ಲ. ಮಾಂಸಕ್ಕೂ ಉರಿಗೂ ನಡುವಿನ ಅಂತರವನ್ನು ಕ್ಷಣಕ್ಷಣಕ್ಕೂ ಬದಲಿಸುವುದೇ ಈ ಅಡುಗೆಯ ವಿದ್ಯೆ. ಹೆಚ್ಚಿನ ಮನೆಗಳಲ್ಲಿ ಇಂಥ ಗ್ರಿಲ್ ಇರುವುದಿಲ್ಲ. ಇರುವುದು ಕೆಟಲ್ ಎನ್ನುವ ದುಂಡನೆಯ, ಮುಚ್ಚಳವಿರುವ ಇದ್ದಿಲಿನ ಗ್ರಿಲ್, ಇಲ್ಲವೇ ಗ್ಯಾಸ್ ಗ್ರಿಲ್, ಈಚೆಗೆ ಮರದ ಪುಡಿಯ ಗುಳಿಗೆ ಉರಿಸುವ ಪೆಲೆಟ್ ಗ್ರಿಲ್. ಹಾಗೆಂದು ಟ್ರೈ-ಟಿಪ್ ಎಂಬ ದನದ ಮಾಂಸದ ತುಂಡನ್ನು ಆ ಹದಕ್ಕೆ ಸುಡಲಾಗದೆಂದು ಕೈಚೆಲ್ಲಬೇಕಿಲ್ಲ. ನಿಮ್ಮ ಗ್ರಿಲ್‌ನಲ್ಲಿ ಆ ಗಾಲಿಯ ಕೆಲಸವನ್ನು ಯಾವುದು ಮಾಡುತ್ತದೆ ಎಂದು ಗೊತ್ತಾದರೆ ಸಾಕು, ಉಳಿದದ್ದೆಲ್ಲ ಉಪ್ಪು, ಮೆಣಸು, ಬೆಳ್ಳುಳ್ಳಿ.

ಸಾಂಟಾ ಮರಿಯಾ ಇರುವುದು ಕ್ಯಾಲಿಫೋರ್ನಿಯಾದ ಮಧ್ಯ ಕರಾವಳಿಯಲ್ಲಿ, ಸಾಂಟಾ ಬಾರ್ಬರಾ ಕೌಂಟಿಯಲ್ಲಿ. 19ನೇ ಶತಮಾನದ ನಡುವೆ ಇಲ್ಲಿನ ರಾಂಚೋ ಎಂಬ ದೊಡ್ಡ ದೊಡ್ಡ ದನದ ಎಸ್ಟೇಟ್‌ಗಳಲ್ಲಿ ದನಗಳಿಗೆ ಬರೆ ಹಾಕುವ ಕೆಲಸ ಮುಗಿದ ಮೇಲೆ ದನಗಾಹಿ ವಾಕೆರೋಗಳಿಗೆ ಓಕ್ ಕೆಂಡದ ಮೇಲೆ ಮಾಂಸ ಸುಟ್ಟು ಬಡಿಸುವ ರೂಢಿಯಿತ್ತು. 1931ರಲ್ಲಿ ಸಾಂಟಾ ಮರಿಯಾ ಕ್ಲಬ್ ತಿಂಗಳಿಗೊಮ್ಮೆ ಬಾರ್ಬೆಕ್ಯೂ ಊಟ ಏರ್ಪಡಿಸತೊಡಗಿತು. 1978ರಲ್ಲಿ ಊರಿನ ವಾಣಿಜ್ಯ ಮಂಡಳಿ ಈ ಊಟದ ಪಟ್ಟಿಗೆ ಕೃತಿಸ್ವಾಮ್ಯವನ್ನೂ ಪಡೆಯಿತು. ಹಳೆಯ ಕಾಲದ ತುಂಡು ಟಾಪ್ ಸರ್ಲಾಯಿನ್, ಅಂದರೆ ದನದ ಸೊಂಟದ ಹಿಂಬದಿಯ ಮೇಲ್ಭಾಗದ ಮಾಂಸ. ಅದನ್ನು ದಪ್ಪ ದಪ್ಪ ಕತ್ತರಿಸಿ ಕಂಬಿಗೆ ಪೋಣಿಸಿ ಸುಡುತ್ತಿದ್ದರು. ಟ್ರೈ-ಟಿಪ್ ಬಂದದ್ದು ಆಮೇಲೆ, 1950ರ ದಶಕದಲ್ಲಿ. ಅಲ್ಲಿಯವರೆಗೆ ಕೊಚ್ಚಿ ಕೀಮಾ ಮಾಡುತ್ತಿದ್ದ, ಸ್ಟೂಗೆ ಹಾಕುತ್ತಿದ್ದ ತುಂಡನ್ನು ಇಡಿಯಾಗಿ ಸುಟ್ಟು ನೋಡಿದರು, ಅದೇ ಊರಿನ ಗುರುತಾಯಿತು.

ಟ್ರೈ-ಟಿಪ್ ಎಂದರೆ ಅದೇ ಸೊಂಟದ ಕೆಳಭಾಗವಾದ ಬಾಟಮ್ ಸರ್ಲಾಯಿನ್‌ನಿಂದ ಬರುವ ಮೂರು ಮೂಲೆಯ ತುಂಡು. ಒಂದು ದನದಲ್ಲಿ ಎರಡೇ ಇರುತ್ತವೆ. ಕೊಬ್ಬು ತೆಗೆದ ಮೇಲೆ ಸಾಮಾನ್ಯವಾಗಿ 700 ಗ್ರಾಂನಿಂದ 1.2 ಕಿಲೋ ತೂಗುತ್ತದೆ. ನಡುಭಾಗ ದಪ್ಪ, ಬಾಲದ ಕಡೆ ಅದರ ಅರ್ಧಕ್ಕಿಂತ ತೆಳ್ಳಗೆ. ಬಾಲ ಒಣಗುವುದು, ನಡು ಹಸಿಯಾಗಿ ಉಳಿಯುವುದು, ಎರಡಕ್ಕೂ ಮೂಲ ಈ ಆಕಾರವೇ. ಕೊಳ್ಳುವಾಗ ಬಾಲ ತೀರಾ ಉದ್ದವಿಲ್ಲದ, ನಡು ದಪ್ಪಗಿರುವ ತುಂಡು ಆರಿಸಿ. ಲೇಬಲ್ ಮೇಲೆ ಅಮೆರಿಕದ ಕೃಷಿ ಇಲಾಖೆಯಾದ ಯುಎಸ್‌ಡಿಎ ಕೊಡುವ ದರ್ಜೆ ಚಾಯ್ಸ್ ಅಂತಿದ್ದರೆ ಸಾಕು; ಪ್ರೈಮ್ ಸಿಕ್ಕರೆ ಇನ್ನೂ ಒಳ್ಳೆಯದು; ಸೆಲೆಕ್ಟ್ ದರ್ಜೆಯಲ್ಲಿ ಒಳಕೊಬ್ಬು ಕಡಿಮೆ, ಸ್ವಲ್ಪ ಹೆಚ್ಚು ಬೆಂದರೂ ಹತ್ತಿಯಂತಾಗುತ್ತದೆ. ಮೊದಲೇ ಮಸಾಲೆ ಹಚ್ಚಿ ಪ್ಲಾಸ್ಟಿಕ್‌ನಲ್ಲಿ ಬಿಗಿದು ಮಾರುವ ತುಂಡು ಬೇಡ. ಅದರಲ್ಲಿ ಉಪ್ಪೆಷ್ಟು, ಸಕ್ಕರೆ ಎಷ್ಟು ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ, ಸಕ್ಕರೆ ಇದ್ದರೆ ಜೋರು ಉರಿಗೆ ಸೀದು ಕಪ್ಪಾಗುತ್ತದೆ. ಲೇಬಲ್ಲಿನಲ್ಲಿ ಇನ್ನೊಂದು ಸಾಲನ್ನೂ ಹುಡುಕಿ. ಸೂಜಿ ಅಥವಾ ಬ್ಲೇಡ್ ಚುಚ್ಚಿ ಮೆದು ಮಾಡಿದ ಹಸಿ ದನದ ಮಾಂಸವಾದರೆ ಅಮೆರಿಕದಲ್ಲಿ 2016ರಿಂದ ಅದನ್ನು ಲೇಬಲ್ಲಿನಲ್ಲಿ ಹೇಳಲೇಬೇಕು. ಸೂಜಿ ಹೊರಮೈಯ ಬ್ಯಾಕ್ಟೀರಿಯಾವನ್ನು ಒಳಕ್ಕೆ ಒಯ್ದಿರಬಹುದು, ಹಾಗಾಗಿ ಅಂಥ ತುಂಡನ್ನು ಒಳಗೆ ಕೆಂಪಾಗಿ ಉಳಿಸಬಾರದು.

ಈಗ ಚಾಕು ಹಿಡಿಯಿರಿ. ಒಂದು ಮೈಯಲ್ಲಿ ಬಿಳಿ ಕೊಬ್ಬಿನ ಪದರ, ಇನ್ನೊಂದು ಮೈಯಲ್ಲಿ ಹೊಳೆಯುವ ತೆಳು ಪೊರೆ ಇರುತ್ತದೆ. ಪೊರೆ ಎಷ್ಟು ಬೇಯಿಸಿದರೂ ಕರಗುವುದಿಲ್ಲ, ಬಿಸಿಗೆ ಸೆಟೆದು ಮಾಂಸವನ್ನು ಬಿಲ್ಲಿನಂತೆ ಬಾಗಿಸುತ್ತದೆ, ಪೂರ್ತಿ ತೆಗೆಯಿರಿ. ಕೊಬ್ಬನ್ನು ಪೂರ್ತಿ ತೆಗೆಯಬೇಡಿ, ಅರ್ಧ ಸೆಂಟಿಮೀಟರ್‌ನಷ್ಟು ಉಳಿಸಿ. ಅದಕ್ಕಿಂತ ದಪ್ಪಗಿದ್ದರೆ ಕರಗಿ ಕೆಂಡಕ್ಕೆ ಸುರಿದು ಜ್ವಾಲೆ ಎಬ್ಬಿಸುತ್ತದೆ.

ಹಸಿ ಮಾಂಸ ಇನ್ನೂ ಹಲಗೆಯ ಮೇಲಿರುವಾಗಲೇ ಅದರ ನಾರು ನೋಡಿ. ಬೆಳಕಿಗೆ ಓರೆಯಾಗಿ ಹಿಡಿದರೆ ಬಾಚಿದ ಕೂದಲಿನಂಥ ಗೆರೆಗಳು ಕಾಣುತ್ತವೆ. ಬಾಲದ ಕಡೆಯಿಂದ ಅವು ಒಂದೇ ದಿಕ್ಕಿನಲ್ಲಿ ಬರುತ್ತವೆ, ಮೊಣಕೈಯಂತೆ ತಿರುವು ಇರುವ ನಡುಭಾಗಕ್ಕೆ ಬರುತ್ತಿದ್ದಂತೆ ಬೀಸಣಿಗೆಯಂತೆ ಹರಡಿ ಬೇರೆ ದಿಕ್ಕಿಗೆ ಹೊರಳುತ್ತವೆ. ಸುಟ್ಟ ಮೇಲೆ ಕಪ್ಪು ಹೊರಪದರದಡಿ ಇದೊಂದೂ ಕಾಣದು. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಇಲ್ಲವೇ ನಾರು ಹೊರಳುವ ಜಾಗದ ಅಂಚಿನಲ್ಲಿ ಚಾಕುವಿನಿಂದ ಒಂದು ಸಣ್ಣ ಕಚ್ಚು ಹಾಕಿ. ಕೊನೆಯ ಕೊಯ್ತದಲ್ಲಿ ಇದು ಬೇಕೇ ಬೇಕು.

ಮಸಾಲೆ ಎಂದರೆ ಒಂದು ಕಿಲೋ ಮಾಂಸಕ್ಕೆ 12 ಗ್ರಾಂ ಉಪ್ಪು, 4 ಗ್ರಾಂ ತರಿತರಿಯಾಗಿ ಕುಟ್ಟಿದ ಕರಿಮೆಣಸು, 5 ಗ್ರಾಂ ಹರಳು ಬೆಳ್ಳುಳ್ಳಿ ಪುಡಿ. ಅಷ್ಟೇ. ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ, ತೂಗಿ. ಕೋಷರ್ ಎನ್ನುವ ದಪ್ಪ ಹರಳಿನ ಉಪ್ಪಿನಲ್ಲಿ ಡೈಮಂಡ್ ಕ್ರಿಸ್ಟಲ್ ಕಂಪನಿಯದು ಟೀ ಚಮಚಕ್ಕೆ ಸುಮಾರು 3 ಗ್ರಾಂ, ಮಾರ್ಟನ್ ಕೋಷರ್ ಸುಮಾರು 5 ಗ್ರಾಂ, ಪುಡಿ ಉಪ್ಪು 6 ಗ್ರಾಂ. ಒಂದರ ಅಳತೆ ಇನ್ನೊಂದಕ್ಕೆ ಹಾಕಿದರೆ ಉಪ್ಪು ದುಪ್ಪಟ್ಟಾಗುತ್ತದೆ. ಗಾರ್ಲಿಕ್ ಸಾಲ್ಟ್ ಬಳಸುವುದಾದರೆ ಅದರಲ್ಲಿ ಬಹುಪಾಲು ಉಪ್ಪೇ ಎಂಬುದು ನೆನಪಿರಲಿ. ಹಸಿ ಬೆಳ್ಳುಳ್ಳಿ ಜಜ್ಜಿ ಹಚ್ಚಬೇಡಿ: ಮೈಮೇಲೆ ಅಂಟಿ ಕೂತು ಎರಡೇ ನಿಮಿಷಕ್ಕೆ ಸೀದು ಕಹಿಯಾಗುತ್ತದೆ. ಉಪ್ಪನ್ನು ಹಿಂದಿನ ರಾತ್ರಿಯೇ ಹಚ್ಚಿ, ಮುಚ್ಚದೆ, ತಂತಿ ಜಾಲರಿಯ ಮೇಲೆ ಫ್ರಿಜ್‌ನಲ್ಲಿಡಿ. ಮೊದಲ ಅರ್ಧ ಗಂಟೆ ನೀರೊಡೆಯುತ್ತದೆ, ಆಮೇಲೆ ಆ ಉಪ್ಪುನೀರನ್ನೇ ಮಾಂಸ ಒಳಗೆಳೆದುಕೊಳ್ಳುತ್ತದೆ, ಬೆಳಗಾಗುವಷ್ಟರಲ್ಲಿ ಮೈ ಒಣಗಿರುತ್ತದೆ. ಒಣ ಮೈ ಬೇಗ ಕೆಂಪಗಾಗುತ್ತದೆ. ಒದ್ದೆ ಮೈಯಾದರೆ ಉರಿಯ ಶಕ್ತಿಯೆಲ್ಲ ಮೊದಲು ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಒಂದು ರಾತ್ರಿ ಪುರುಸೊತ್ತಿಲ್ಲದಿದ್ದರೆ ಕನಿಷ್ಠ 45 ನಿಮಿಷ ಕೊಡಿ. ಹತ್ತು ನಿಮಿಷ ಮೊದಲು ಹಚ್ಚಿದರೆ ನೀರೊಡೆದ ಹಂತದಲ್ಲೇ ಜಾಲರಿಗೆ ಹೋಗುತ್ತದೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಮೆಣಸು, ಬೆಳ್ಳುಳ್ಳಿ ಸುಡುವ ಮುಂಚೆ ಹಚ್ಚಿದರೂ ನಡೆಯುತ್ತದೆ.

ಕಟ್ಟಿಗೆ ಅಲ್ಲಿಯವರು ರೆಡ್ ಓಕ್ ಎನ್ನುವ ಮರದ್ದು. ಅದು ಆ ಕರಾವಳಿಯಲ್ಲೇ ಬೆಳೆಯುವ ಕೋಸ್ಟ್ ಲೈವ್ ಓಕ್. ಅಮೆರಿಕದ ಪೂರ್ವ ಭಾಗದಲ್ಲಿ ರೆಡ್ ಓಕ್ ಎಂದು ಕರೆಯುವ ಮರವೇ ಬೇರೆ. ಅದು ಸಿಗದಿದ್ದರೆ ಯಾವುದೇ ಒಣ ಓಕ್ ಆಗಬಹುದು. ಮೆಸ್ಕೀಟ್ ಮರದ ಸೌದೆ ಬೇಡ, ಅದರ ಹೊಗೆಯ ಖಾರ ಈ ಮೂರು ಸಾಮಾನಿನ ಮಸಾಲೆಯನ್ನು ನುಂಗಿಹಾಕುತ್ತದೆ. ಸೌದೆಯನ್ನು ನೂರಾರು ಮೈಲಿ ಆಚೆಯಿಂದ ಕಾರಿನಲ್ಲಿ ತುಂಬಿಕೊಂಡು ಬರಬೇಡಿ. ತೊಗಟೆಯಡಿಯ ಕೊರೆಹುಳುಗಳು ಹೊಸ ಕಾಡಿಗೆ ಹಬ್ಬುವುದು ಹೀಗೇ, ಕ್ಯಾಲಿಫೋರ್ನಿಯಾದ ಓಕ್‌ಗಳು ಈಗಾಗಲೇ ಅದರಿಂದ ಸಾಯುತ್ತಿವೆ. ಸುಡುವ ಊರಲ್ಲೇ ಸೌದೆ ಕೊಳ್ಳಿ.

ಇನ್ನು ಥರ್ಮಾಮೀಟರ್. ಬಣ್ಣ ನೋಡಿ, ಬೆರಳಲ್ಲಿ ಒತ್ತಿ ಹದ ಹೇಳುವುದು ದಪ್ಪ ಒಂದೇ ಸಮವಿರುವ ಸ್ಟೇಕ್‌ಗೆ ಆಗಬಹುದು, ಟ್ರೈ-ಟಿಪ್‌ಗೆ ಆಗದು. ಮುಳ್ಳನ್ನು ಮೇಲಿನಿಂದ ಚುಚ್ಚಬೇಡಿ, ದಪ್ಪ ಭಾಗಕ್ಕೆ ಪಕ್ಕದಿಂದ, ತುದಿ ಸರಿಯಾಗಿ ನಡುವಿಗೆ ಬರುವಂತೆ ಚುಚ್ಚಿ. ಸಾಂಟಾ ಮರಿಯಾದ ರೂಢಿಯ ಹದ ಮೀಡಿಯಂ ರೇರ್, ಅಂದರೆ ನಡು ಇನ್ನೂ ಕೆಂಪಗಿರುವುದು: 52ರಿಂದ 54 ಡಿಗ್ರಿ ಸೆಲ್ಸಿಯಸ್‌ಗೆ ಕೆಳಗಿಳಿಸಿದರೆ ಒಳಗಿನ ಬಿಸಿ ಇನ್ನು ಮೂರು ಡಿಗ್ರಿಯಷ್ಟು ತಾನಾಗಿ ಏರುತ್ತದೆ. ಇಡೀ ತುಂಡಿನ ದನದ ಮಾಂಸಕ್ಕೆ ಯುಎಸ್‌ಡಿಎ ಹೇಳುವ ಸುರಕ್ಷಿತ ಮಟ್ಟ 145 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 63 ಸೆಲ್ಸಿಯಸ್, ಜೊತೆಗೆ ಮೂರು ನಿಮಿಷ ವಿಶ್ರಾಂತಿ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಊಟಕ್ಕಿದ್ದರೆ 63ಕ್ಕೇ ಹೋಗಿ. ಹೇಗೂ ಬಾಲದ ತುದಿ ನಡುವಿಗಿಂತ ಹೆಚ್ಚು ಬೆಂದಿರುತ್ತದೆ, ಚೆನ್ನಾಗಿ ಬೆಂದದ್ದೇ ಬೇಕೆನ್ನುವವರಿಗೆ ಆ ಭಾಗ.

ಗಾಲಿಯ ಗ್ರಿಲ್ ಇದ್ದರೆ ಮಾಡುವ ಕ್ರಮ ಇದು. ಸೌದೆಗೆ ಬೆಂಕಿ ಹಚ್ಚಿ ಮುಕ್ಕಾಲು ಗಂಟೆ ಕಾಯಿರಿ. ಜ್ವಾಲೆ ತಗ್ಗಿ, ಕೆಂಡ ನಿಗಿನಿಗಿ ಕೆಂಪಾಗಿ ಮೇಲೆ ತೆಳು ಬೂದಿ ಕಟ್ಟಬೇಕು. ಜಾಲರಿಯನ್ನು ಕೆಂಡದಿಂದ 10-12 ಸೆಂಟಿಮೀಟರ್ ಮೇಲಕ್ಕಿಟ್ಟು ಅಂಗೈ ಹಿಡಿದು ನೋಡಿ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಲಾಗಬಾರದು. ಕೊಬ್ಬಿನ ಮೈ ಮೇಲಾಗಿಸಿ ಮಾಂಸ ಇಟ್ಟು ಐದಾರು ನಿಮಿಷ, ತಿರುವಿ ಕೊಬ್ಬಿನ ಮೈ ಮೂರು ನಾಲ್ಕು ನಿಮಿಷ. ಕೊಬ್ಬಿನ ಮೈ ಕೆಳಗಾದ ಕೂಡಲೇ ಕೆಂಡ ಚುಯ್ ಎನ್ನತೊಡಗುತ್ತದೆ. ಬೆಳ್ಳಗಿದ್ದ ಕೊಬ್ಬು ಅಂಚಿನಿಂದ ಗಾಜಿನಂತಾಗುತ್ತಾ ಬರುತ್ತದೆ, ಗುಳ್ಳೆ ಏಳುತ್ತದೆ, ಆಮೇಲೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹನಿಗಳು ಧಾರೆಯಾದವೋ, ಹಳದಿ ಜ್ವಾಲೆ ಮೇಲೆದ್ದು ಮಾಂಸವನ್ನು ಮುಟ್ಟುತ್ತದೆ. ಆ ಜ್ವಾಲೆ ಬಿಡುವುದು ಮಸಿ, ಸುಟ್ಟ ರುಚಿಯಲ್ಲ. ಗಾಲಿಗೆ ಕೈ ಹಾಕಬೇಕಾದ್ದು ಆಗ. ಎರಡೂ ಮೈ ಕಂದಿದ ಮೇಲೆ ಜಾಲರಿಯನ್ನು 25-30 ಸೆಂಟಿಮೀಟರ್‌ಗೆ ಏರಿಸಿ, ನಾಲ್ಕೈದು ನಿಮಿಷಕ್ಕೊಮ್ಮೆ ತಿರುವುತ್ತಾ ಇನ್ನೂ 20-30 ನಿಮಿಷ. ಮುಚ್ಚಳವಿಲ್ಲದ್ದರಿಂದ ಮೇಲಿನ ಮೈ ಆರುತ್ತಿರುತ್ತದೆ, ಅದಕ್ಕೇ ಪದೇ ಪದೇ ತಿರುವಬೇಕು. ಗಾಳಿ ಬೀಸುವ ದಿನ ಈ ಸಮಯಕ್ಕೆ ಹತ್ತು ನಿಮಿಷ ಸೇರಿಸಿ.

ಕೆಟಲ್ ಗ್ರಿಲ್‌ನಲ್ಲಿ ಜಾಲರಿ ಏರಿಳಿಯದು, ಆದರೆ ಅಡ್ಡಕ್ಕೆ ಜಾಗವಿದೆ. ಇಲ್ಲಿ ಅಂತರ ಅಂದರೆ ಪಕ್ಕಕ್ಕೆ ಸರಿಯುವುದು. ಮನೆಯಲ್ಲಿ ಯಾವುದಾದರೂ ಒಂದೇ ಗ್ರಿಲ್ ಇರಬೇಕೆಂದರೆ ನನ್ನ ಆಯ್ಕೆ ಇದೇ: ಓಕ್‌ನ ನಿಜವಾದ ಹೊಗೆ, ಜೋರು ಉರಿ, ಸಣ್ಣ ಉರಿ ಮೂರೂ ಒಂದೇ ಪಾತ್ರೆಯಲ್ಲಿ ಸಿಗುತ್ತವೆ. 22 ಇಂಚಿನ ಕೆಟಲ್‌ಗೆ ಚಿಮಣಿಯ, ಅಂದರೆ ಇದ್ದಿಲು ಹೊತ್ತಿಸುವ ತಗಡಿನ ಕೊಳವೆಯ, ಮುಕ್ಕಾಲು ಭಾಗ ಇದ್ದಿಲು ಸಾಕು. ಹೊತ್ತಿಸಲು ಸೀಮೆಎಣ್ಣೆಯಂಥ ದ್ರವ ಸುರಿಯಬೇಡಿ, ಇಷ್ಟು ಸರಳ ಮಸಾಲೆಯಲ್ಲಿ ಆ ವಾಸನೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಚಿಮಣಿಯಡಿ ಎರಡು ಹಾಳೆ ಕಾಗದ ಸಾಕು. 15-20 ನಿಮಿಷದಲ್ಲಿ ಮೇಲಿನ ಉಂಡೆಗಳಿಗೂ ಬೂದಿ ಕಟ್ಟುತ್ತದೆ. ಎಲ್ಲ ಕೆಂಡವನ್ನೂ ಒಂದೇ ಬದಿಗೆ ಸುರಿದು ರಾಶಿ ಮಾಡಿ, ಮೇಲೆ ಮುಷ್ಟಿಗಾತ್ರದ ಎರಡು ಓಕ್ ತುಂಡು ಇಡಿ. ತುಂಡನ್ನು ನೀರಲ್ಲಿ ನೆನೆಸಬೇಡಿ. ನೆನೆಸಿದ ಮರದಿಂದ ಮೊದಲು ಬರುವುದು ಆವಿ, ಹೊಗೆಯಲ್ಲ. ಮೊದಲಿಗೆ ದಟ್ಟ ಬಿಳಿ ಹೊಗೆ ಬರುತ್ತದೆ. ಅದು ತಿಳಿಯಾಗಿ ನೀಲಿ ಎಳೆಯಾಗುವವರೆಗೆ ಮಾಂಸ ಇಡಬೇಡಿ.

ಕೆಟಲ್‌ನಲ್ಲಿ ಕ್ರಮವನ್ನು ತಿರುವುಮುರುವು ಮಾಡುವುದು ಲೇಸು: ಮೊದಲು ನಿಧಾನವಾಗಿ ಬೇಯಿಸಿ, ಕೊನೆಗೆ ಸುಡುವುದು. ಮಾಂಸವನ್ನು ಕೆಂಡವಿಲ್ಲದ ಕಡೆ ಇಡಿ, ದಪ್ಪ ಭಾಗ ಕೆಂಡದ ಕಡೆಗೆ, ಬಾಲ ದೂರಕ್ಕೆ. ಮುಚ್ಚಳ ಹಾಕಿ, ಮುಚ್ಚಳದ ಗಾಳಿಕಂಡಿ ಮಾಂಸದ ಮೇಲೆ ಬರಲಿ, ಆಗ ಹೊಗೆ ಮಾಂಸವನ್ನು ದಾಟಿಯೇ ಹೊರಹೋಗುತ್ತದೆ. ಕೆಳಗಿನ ಕಂಡಿ ಅರ್ಧ ಮುಚ್ಚಿ, ಜಾಲರಿಯ ಮಟ್ಟದಲ್ಲಿ 120-135 ಡಿಗ್ರಿ ಹಿಡಿದು ನಿಲ್ಲಿಸಿ. ಮುಚ್ಚಳದ ಮೇಲಿನ ಮೀಟರನ್ನು ನಂಬಬೇಡಿ, ಅದು ತೋರುವುದು ಮಾಂಸಕ್ಕಿಂತ ಒಂದು ಗೇಣು ಮೇಲಿನ ಗಾಳಿಯ ಬಿಸಿ. ಮಾಂಸದ ಒಳಗೆ 46 ಡಿಗ್ರಿ ಆಗಲು 30ರಿಂದ 45 ನಿಮಿಷ. ಆಮೇಲೆ ಮಾಂಸ ತೆಗೆದಿಟ್ಟು, ಕಂಡಿಗಳನ್ನು ಪೂರ್ತಿ ತೆರೆದು, ಮುಚ್ಚಳ ತೆಗೆದು ಐದು ನಿಮಿಷ ಕೆಂಡಕ್ಕೆ ಉಸಿರು ಕೊಡಿ. ಬೂದಿ ಕೊಡವಿದಂತಾಗಿ ಮತ್ತೆ ಕೆಂಪೇರಿದಾಗ ಮಾಂಸವನ್ನು ನೇರ ಕೆಂಡದ ಮೇಲಿಟ್ಟು ಪ್ರತಿ ಮೈಯನ್ನೂ ಎರಡು ನಿಮಿಷ, ನಿಮಿಷಕ್ಕೊಮ್ಮೆ ತಿರುವುತ್ತಾ ಸುಡಿ. ಬಾಲ ಮಾತ್ರ ಕೆಂಡದ ಅಂಚಿನಾಚೆ ಚಾಚಿರಲಿ. ಜ್ವಾಲೆ ಎದ್ದರೆ ನೀರು ಚಿಮುಕಿಸಬೇಡಿ, ಬೂದಿ ಹಾರಿ ಮಾಂಸಕ್ಕೆ ಮೆತ್ತುತ್ತದೆ. ಪಕ್ಕಕ್ಕೆ ಸರಿಸಿ, ಅದೇ ನಿಮ್ಮ ಗಾಲಿ.

ಈ ಕೊನೆಯ ಹಂತದಲ್ಲೇ ಹೆಚ್ಚಿನವರು ಎಡವುವುದು. ಚಿಮಣಿಯಲ್ಲಿ ಇದ್ದಿಲು ಕಡಿಮೆ ಹಾಕಿದ್ದರೆ ಮುಕ್ಕಾಲು ಗಂಟೆ ಹೊತ್ತಿಗೆ ಕೆಂಡ ಸೋತಿರುತ್ತದೆ. ಸೋತ ಕೆಂಡದ ಮೇಲೆ ಬಣ್ಣ ಬರಲಿ ಎಂದು ಎಂಟು ಹತ್ತು ನಿಮಿಷ ಇಟ್ಟರೆ, ಹೊರಗೆ ಕಂದು ಬರುವಷ್ಟರಲ್ಲಿ ಒಳಗೆ 62 ದಾಟಿರುತ್ತದೆ. ಕೆಂಡ ಸೋತಿದೆ ಅನ್ನಿಸಿದರೆ ಅರ್ಧ ಚಿಮಣಿ ಹೊಸ ಇದ್ದಿಲು ಹೊತ್ತಿಸಿ. ಅಷ್ಟು ಹೊತ್ತು ಮಾಂಸ ಹೊರಗೆ ಕೂತಿದ್ದರೆ ಏನೂ ಕೆಡದು.

ಗ್ಯಾಸ್ ಗ್ರಿಲ್‌ನಲ್ಲಿ ಗಾಲಿಯ ಕೆಲಸ ಉರಿ ಏರಿಳಿಸುವ ಗುಬ್ಬಿಗಳದ್ದು. ಇಲ್ಲಿ ಮೊದಲೇ ಸುಡುವುದು ಸರಿ, ಏಕೆಂದರೆ ಎಲ್ಲ ಬರ್ನರ್‌ಗಳನ್ನೂ ಜೋರಾಗಿಟ್ಟು 15 ನಿಮಿಷ ಕಾಯಿಸಿದ ಜಾಲರಿಯ ಬಿಸಿ ಮತ್ತೆ ಸಿಗುವುದು ಕಷ್ಟ. ಎರಡೂ ಮೈ ನಾಲ್ಕೈದು ನಿಮಿಷ, ಆಮೇಲೆ ಒಂದು ಕೊನೆಯ ಬರ್ನರ್ ಆರಿಸಿ ಮಾಂಸವನ್ನು ಅದರ ಮೇಲಕ್ಕೆ ತನ್ನಿ, ಉಳಿದವನ್ನು ಗ್ರಿಲ್‌ನೊಳಗಿನ ಬಿಸಿ 150 ಡಿಗ್ರಿ ನಿಲ್ಲುವಂತೆ ತಗ್ಗಿಸಿ, ಮುಚ್ಚಿ. 20-25 ನಿಮಿಷ ಬೇಕು. ಕೊರತೆ ಹೊಗೆಯದ್ದು. ಎರಡು ಹಿಡಿ ಒಣ ಓಕ್ ಚಕ್ಕೆಯನ್ನು ದಪ್ಪ ಫಾಯಿಲ್‌ನಲ್ಲಿ ಮಡಚಿ, ನಾಲ್ಕಾರು ತೂತು ಚುಚ್ಚಿ, ಜಾಲರಿಯಡಿ ಉರಿಯುವ ಬರ್ನರ್‌ನ ತಗಡಿನ ಮೇಲೆ ನೇರವಾಗಿಡಿ. ಜಾಲರಿಯ ಮೇಲಿಟ್ಟರೆ ಹೊಗೆ ಏಳುವಷ್ಟು ಬಿಸಿ ತಾಗದು. ತೂತು ಹೆಚ್ಚಾದರೆ ಗಾಳಿ ನುಗ್ಗಿ ಚಕ್ಕೆ ಹೊತ್ತಿಕೊಳ್ಳುತ್ತದೆ. ಹೊಗೆ ಶುರುವಾದ ಮೇಲೆಯೇ ಮಾಂಸ ಇಡಿ. ತಗಡಿನ ಮೇಲೆ ಹಳೆಯ ಜಿಡ್ಡು ಇದ್ದರೆ ಮುಂಚೆಯೇ ಕೆರೆದು ತೆಗೆಯಿರಿ; ಟ್ರೈ-ಟಿಪ್‌ನ ಕೊಬ್ಬು ಅದರ ಮೇಲೆ ಬಿದ್ದರೆ ಏಳುವ ಬೆಂಕಿ ಗುಬ್ಬಿ ತಿರುಗಿಸಿದರೆ ನಿಲ್ಲುವಂಥದ್ದಲ್ಲ.

ಪೆಲೆಟ್ ಗ್ರಿಲ್ ಬೇಯಿಸುವುದರಲ್ಲಿ ಜಾಣ, ಸುಡುವುದರಲ್ಲಿ ಬಡವ. 225 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟು, ಅಂದರೆ ಸುಮಾರು 107 ಸೆಲ್ಸಿಯಸ್, ಒಳಗೆ 46 ಆಗುವವರೆಗೆ ಒಂದು ಗಂಟೆಯಿಂದ ಒಂದೂಕಾಲು ಗಂಟೆ ಬಿಡಿ. ಬಿಸಿ ಕಡಿಮೆಯಿದ್ದಷ್ಟೂ ಈ ಯಂತ್ರ ಹೆಚ್ಚು ಹೊಗೆ ಕೊಡುತ್ತದೆ. ಸುಡುವುದಕ್ಕೆ ಗ್ರಿಲ್ಲನ್ನೇ ಮೇಲಕ್ಕೇರಿಸಿ ಕಾಯುವುದಕ್ಕಿಂತ ಒಲೆಯ ಮೇಲೆ ಎರಕದ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ಪ್ರತಿ ಮೈಯನ್ನೂ ಒಂದೂವರೆ ನಿಮಿಷ ಒತ್ತಿ ಹಿಡಿಯುವುದು ಒಳ್ಳೆಯದು. ಕಮಾಡೋ ಎನ್ನುವ ಪಿಂಗಾಣಿ ಗ್ರಿಲ್‌ಗೂ ಇದೇ ಕ್ರಮ: ಮೊದಲು ಕೆಂಡಕ್ಕೂ ಮಾಂಸಕ್ಕೂ ನಡುವೆ ತಡೆಗಲ್ಲು ಇಟ್ಟು 120 ಡಿಗ್ರಿ ಸೆಲ್ಸಿಯಸ್, ಆಮೇಲೆ ಕಲ್ಲು ತೆಗೆದು ಕಂಡಿ ತೆರೆದು ಜೋರು ಉರಿ. ಉಲ್ಟಾ ಮಾಡಲಾಗದು, ಒಮ್ಮೆ ಕಾದ ಪಿಂಗಾಣಿ ತಣಿಯಲು ಗಂಟೆಗಟ್ಟಲೆ ಬೇಕು. ಜೋರು ಉರಿಯಲ್ಲಿ ಮುಚ್ಚಳವನ್ನು ಒಮ್ಮೆಲೇ ಎತ್ತಬೇಡಿ. ಗಾಳಿಗೆ ಹಸಿದ ಬೆಂಕಿ ಭಗ್ಗನೆ ಮುಖಕ್ಕೆ ಬರುತ್ತದೆ. ಎರಡು ಬೆರಳಷ್ಟು ಎತ್ತಿ, ಐದಾರು ಸೆಕೆಂಡ್ ನಿಂತು, ಆಮೇಲೆ ತೆರೆಯಿರಿ.

ಯಾವ ಗ್ರಿಲ್ ಆದರೂ ಇಳಿಸಿದ ಮೇಲೆ ತಂತಿ ಜಾಲರಿಯ ಮೇಲೆ 10-15 ನಿಮಿಷ ಬಿಡಿ, ಕೆಳಗೊಂದು ತಟ್ಟೆ ಇರಲಿ. ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ, ಹಬೆಗೆ ಹೊರಪದರ ಮೆತ್ತಗಾಗುತ್ತದೆ, ಒಳಗಿನ ಬಿಸಿಯೂ ಬೇಕಾದ್ದಕ್ಕಿಂತ ಮೇಲೇರುತ್ತದೆ. ಆ ಹೊತ್ತಿನಲ್ಲಿ ಬ್ರೆಡ್ ಆಗಲಿ: ಉದ್ದನೆಯ ಫ್ರೆಂಚ್ ಬ್ರೆಡ್ಡನ್ನು ಅಡ್ಡ ಸೀಳಿ, 115 ಗ್ರಾಂ ಬೆಣ್ಣೆಯನ್ನು ಎರಡು ಎಸಳು ಬೆಳ್ಳುಳ್ಳಿಯೊಡನೆ ಕರಗಿಸಿ ಅದರಲ್ಲಿ ಒಳಮೈ ಅದ್ದಿ, ಉಳಿದ ಕೆಂಡದ ಮೇಲೆ ಒಂದು ನಿಮಿಷ.

ಈಗ ಕೊಯ್ತ. ಕಚ್ಚು ಹಾಕಿಟ್ಟ ಜಾಗ ನೆನಪಿದೆಯಲ್ಲ? ಅಲ್ಲಿ ಮೊದಲು ತುಂಡನ್ನು ಎರಡು ಮಾಡಿ. ಈಗ ಕೈಯಲ್ಲಿರುವುದು ಒಂದೊಂದು ದಿಕ್ಕಿನ ನಾರಿನ ಎರಡು ತುಂಡು. ಒಂದನ್ನು ತಿರುಗಿಸಿಟ್ಟುಕೊಂಡು, ನಾರಿಗೆ ಅಡ್ಡವಾಗಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕೊಯ್ಯಿರಿ. ಇನ್ನೊಂದನ್ನು ಅದರದೇ ದಿಕ್ಕು ನೋಡಿ ಮತ್ತೆ ತಿರುಗಿಸಿ. ಸರಿಯಾಗಿ ಕೊಯ್ದ ಹೋಳಿನ ಮುಖದಲ್ಲಿ ನಾರಿನ ತುದಿಗಳು ಚುಕ್ಕಿಗಳಂತೆ ಕಾಣುತ್ತವೆ, ಎರಡು ಬೆರಳಲ್ಲಿ ಎಳೆದರೆ ಬಿಟ್ಟುಕೊಳ್ಳುತ್ತದೆ. ಗೆರೆಗಳು ಉದ್ದಕ್ಕೆ ಕಂಡರೆ ದಿಕ್ಕು ತಪ್ಪಿದೆ. ಒಂದೇ ತುಂಡು, ಒಂದೇ ಉರಿ, ಆದರೂ ಅರ್ಧ ಬೆಣ್ಣೆಯಂತೆ, ಅರ್ಧ ಹಗ್ಗದಂತೆ ಇದೆ ಎಂದು ಜನ ದೂರುವುದೆಲ್ಲ ಒಂದೇ ದಿಕ್ಕಿಗೆ ಕೊನೆತನಕ ಕೊಯ್ದದ್ದರಿಂದ. ತಟ್ಟೆಗಿಳಿದ ರಸವನ್ನು ಹೋಳುಗಳ ಮೇಲೆ ಸುರಿಯಿರಿ, ಬಿಸಾಡಬೇಡಿ.

ಜೊತೆಗೆ ಪಿಂಕೀಟೊ ಬೀನ್ಸ್ ಇರಲೇಬೇಕು, ಸಾಂಟಾ ಮರಿಯಾ ಕಣಿವೆಯಲ್ಲಿ ಬೆಳೆಯುವ ಪುಟ್ಟ ನಸುಗೆಂಪು ಕಾಳು. 450 ಗ್ರಾಂ ಕಾಳನ್ನು ರಾತ್ರಿ ನೆನೆಸಿ, ಮಾರನೆ ದಿನ ಎರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಮೆತ್ತಗಾದ ಮೇಲೆಯೇ ಹುರಿದ ಬೇಕನ್, ಹ್ಯಾಮ್ ಚೂರು, ಬೆಳ್ಳುಳ್ಳಿ, ಟೊಮೇಟೊ ಪ್ಯೂರಿ, ಸ್ವಲ್ಪ ಸಾಸಿವೆ ಪುಡಿ ಹಾಕಿ. ಟೊಮೇಟೊ ಮೊದಲೇ ಹಾಕಿದರೆ ಹುಳಿಗೆ ಸಿಪ್ಪೆ ಬಿರುಸಾಗಿ ಕಾಳು ಬೇಯುವುದೇ ಇಲ್ಲ. ಸಾಲ್ಸಾಗೆ ಮೂರು ಟೊಮೇಟೊ, ಅರ್ಧರ್ಧ ಕಪ್ ಸೆಲರಿ, ಈರುಳ್ಳಿ ಹೂ ಮತ್ತು ಖಾರ ಕಡಿಮೆಯಿರುವ ಹಸಿಮೆಣಸು, ಒಂದು ಹಿಡಿ ಕೊತ್ತಂಬರಿ, ಒಂದು ದೊಡ್ಡ ಚಮಚ ವಿನೆಗರ್. ಒಂದು ಗಂಟೆ ಹಾಗೇ ಬಿಡಿ.

ಉಳಿದ ಮಾಂಸವನ್ನು ಹೋಳು ಮಾಡಿಡಬೇಡಿ, ಇಡಿಯಾಗಿಯೇ ಫ್ರಿಜ್‌ಗೆ ಹಾಕಿ. ಮಾರನೆ ದಿನ ತಣ್ಣಗೆ ಗಟ್ಟಿಯಾಗಿರುವಾಗ ಕಾಗದದಷ್ಟು ತೆಳ್ಳಗೆ ಕೊಯ್ಯಲು ಬರುತ್ತದೆ. ಮತ್ತೆ ಬಿಸಿ ಮಾಡದೆ, ಉಳಿದ ಬ್ರೆಡ್ಡಿನ ನಡುವೆ ಸಾಲ್ಸಾದೊಂದಿಗೆ ಇಟ್ಟು ತಿನ್ನಿ.